ಗ್ವಾಟೆಮಾಲಾ: ಗುಂಡಿಯಲ್ಲಿ ಯಾರಿದ್ದಾರೆ ಅಂತ ಬಲ್ಲ ಹೆಂಗಸರು

[ಪರದೆ: ಗ್ವಾಟೆಮಾಲಾ ನಕ್ಷೆ. 1960–1996]

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಸೇನೆಗೂ ಎಡಪಂಥೀಯ ಬಂಡುಕೋರರಿಗೂ ಅಂತರ್ಯುದ್ಧ ನಡೆದದ್ದು 36 ವರ್ಷ. ಸತ್ತವರು, ಕಾಣೆಯಾದವರು ಸೇರಿ ಸುಮಾರು 2 ಲಕ್ಷ ಜನ. ಗುರುತು ಸಿಕ್ಕವರಲ್ಲಿ ಶೇ. 83ರಷ್ಟು ಮಾಯಾ ಬುಡಕಟ್ಟಿನವರು ಅಂತ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಕೊಂದವರನ್ನು ಹೂತ ಗುಂಡಿಗಳಲ್ಲಿ ಯಾವುದರಲ್ಲಿ ಯಾರಿದ್ದಾರೆ ಅಂತ ಸೇನೆಯಂತೂ ಬಾಯಿ ಬಿಡಲಿಲ್ಲ. ಆ ಲೆಕ್ಕ ಉಳಿದಿದ್ದು ಮನೆಯ ಹೆಂಗಸರ ಹತ್ತಿರ.

ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1988ರಲ್ಲಿ, ವಿಧವೆಯರು ಕೊನಾವಿಗ್ವಾ ಅನ್ನೋ ಸಂಘಟನೆ ಕಟ್ಟಿದರು. ಮುಂದಾಳು ರೊಸಲೀನಾ ತುಯುಕ್. ಅವರ ತಂದೆಯನ್ನೂ ಗಂಡನನ್ನೂ ಎತ್ತಿಕೊಂಡು ಹೋಗಿದ್ದರು. ಗುಂಡಿ ಅಗೆಸಿ ಅನ್ನೋದು ಈ ಸಂಘಟನೆಯ ಮುಖ್ಯ ಬೇಡಿಕೆಯಾಯಿತು.

[ಪರದೆ: ಅಗೆತದ ಜಾಗ, ದಾರ ಕಟ್ಟಿದ ಚೌಕಗಳು]

ಮೊದಲು ಮನೆಯವರು ಸರ್ಕಾರಿ ವಕೀಲರ ಕಚೇರಿಗೆ ದೂರು ಕೊಡಬೇಕು. ಆಮೇಲೆ ವಿಧಿವಿಜ್ಞಾನ ತಂಡ ಬಂದು ಮನೆಯವರನ್ನು ಮಾತಾಡಿಸುತ್ತದೆ: ವಯಸ್ಸೆಷ್ಟು, ಎತ್ತರ ಎಷ್ಟು, ಯಾವ ಹಲ್ಲು ಬಿದ್ದಿತ್ತು, ಕೈಕಾಲು ಮುರಿದಿತ್ತಾ, ಆ ದಿನ ಏನು ಉಟ್ಟಿದ್ದರು.

ಈ ಕೊನೆಯ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಹೆಂಗಸರಿಗೇ ಗೊತ್ತು. ಮಾಯಾ ಹೆಂಗಸರು ಸೊಂಟಕ್ಕೆ ಬಿಗಿದ ಮಗ್ಗದಲ್ಲಿ ತಮ್ಮ ರವಿಕೆಯನ್ನು ತಾವೇ ನೇಯುತ್ತಾರೆ. ಅದರ ಹೆಸರು ವೀಪಿಲ್. ಬಣ್ಣ, ಚಿತ್ತಾರ ಊರೂರಿಗೆ ಬೇರೆ. ಮಣ್ಣು ಹಿಡಿದ ಅಂಗೈಯಗಲದ ತುಂಡು ಸಿಕ್ಕರೂ ಯಾವ ಊರಿನದು ಅಂತ ಹೇಳಬಲ್ಲರು. ನೇಯ್ದವಳಿದ್ದರೆ ತನ್ನ ಕೈಕೆಲಸವನ್ನೇ ಗುರುತಿಸುತ್ತಾಳೆ. ತೊಂದರೆಯೂ ಇದೆ. ಹತ್ತಿ ಮಣ್ಣಲ್ಲಿ ಬೇಗ ಕೊಳೆಯುತ್ತದೆ, ಕೃತಕ ನೂಲಷ್ಟೇ ಉಳಿಯುತ್ತದೆ. ಬಟ್ಟೆ ಒಬ್ಬರದ್ದನ್ನು ಇನ್ನೊಬ್ಬರು ಉಟ್ಟಿರಬಹುದು. ಹಾಗಾಗಿ ಬಟ್ಟೆಯೊಂದನ್ನೇ ನಂಬಿ ಹೆಸರು ಬರೆಯುವಂತಿಲ್ಲ, ಡಿಎನ್‌ಎ ಬೇಕು.

[ಪರದೆ: ವಂಶವೃಕ್ಷದ ಚಿತ್ರ]

ಇಲ್ಲಿ ಬಹಳ ಜನ ಎಡವುತ್ತಾರೆ. ಗಂಡನ ಮೂಳೆಯ ಡಿಎನ್‌ಎಗೆ ಹೆಂಡತಿಯ ಎಂಜಲಿನ ಡಿಎನ್‌ಎ ಹೋಲಿಸಿದರೆ ಏನೂ ಸಿಗದು, ಇಬ್ಬರೂ ರಕ್ತಸಂಬಂಧಿಗಳಲ್ಲವಲ್ಲ. ಮಕ್ಕಳ ಮಾದರಿ ಬೇಕು. ಜೊತೆಗೆ ಹೆಂಡತಿಯದ್ದೂ ಇದ್ದರೆ, ಮಗುವಿನಲ್ಲಿ ತಾಯಿಯಿಂದ ಬಂದ ಪಾಲನ್ನು ಬದಿಗಿಟ್ಟು ತಂದೆಯ ಪಾಲನ್ನು ನೋಡಬಹುದು. ಮೂಳೆ ತೀರಾ ಹಾಳಾಗಿದ್ದರೆ ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಅನ್ನೋ ಭಾಗದ ಡಿಎನ್‌ಎ ಕೈಹಿಡಿಯುತ್ತದೆ. ಅದು ತಾಯಿಯಿಂದ ಮಾತ್ರ ಇಳಿಯುತ್ತದೆ. ಸತ್ತವನ ತಾಯಿ, ಒಡಹುಟ್ಟಿದವರು, ಅಕ್ಕನ ಮಗಳು ಯಾರ ಎಂಜಲಾದರೂ ಸರಿ, ಅಣ್ಣನ ಮಗಳದ್ದು ಮಾತ್ರ ಉಪಯೋಗವಿಲ್ಲ. ಒಂದೇ ಗುಂಡಿಯಲ್ಲಿ ಅಣ್ಣತಮ್ಮಂದಿರಿದ್ದರೆ ಇದರಿಂದ ಯಾರು ಯಾರೆಂದು ಬೇರೆಮಾಡಲಾಗದು. ಇಡೀ ಕುಟುಂಬವನ್ನೇ ಕೊಂದಿದ್ದರೆ ಮಾದರಿ ಕೊಡೋಕೆ ಯಾರಿರುತ್ತಾರೆ?

ಕೊಮಲಾಪಾ ಅನ್ನೋ ಊರಿನ ಹಳೇ ಸೇನಾನೆಲೆಯಲ್ಲಿ 2003ರಿಂದ ಅಗೆದಾಗ 220 ಜನರ ಅವಶೇಷ ಸಿಕ್ಕಿತು. ಗುರುತು ಸಿಗದ 172 ಜನರನ್ನು 2018ರಲ್ಲಿ ಅದೇ ಜಾಗದ ಸ್ಮಾರಕದಲ್ಲಿ ಮತ್ತೆ ಮಣ್ಣು ಮಾಡಿದರು.

[ಪರದೆ: ನ್ಯಾಯಾಲಯ. ಶಾಲಿನಿಂದ ಮುಖ ಮುಚ್ಚಿಕೊಂಡ ಮಹಿಳೆಯರು]

ಇನ್ನು ಪ್ರಶ್ನೆ ಕೇಳುವ ರೀತಿ. ಊರಿನ ಯಜಮಾನರನ್ನಷ್ಟೇ ಕೇಳಿದರೆ ಸತ್ತ ಗಂಡಸರ ಪಟ್ಟಿ ಸಿಗುತ್ತದೆ. ಹೆಂಗಸರನ್ನು ಕೇಳಿದರೂ, "ನಿಮ್ಮ ಯಜಮಾನರಿಗೆ ಏನಾಯ್ತು" ಅಂತ ಕೇಳಿ ಎದ್ದುಬಿಟ್ಟರೆ, ಅವರಿಗೇ ಏನಾಯಿತು ಅನ್ನೋದು ದಾಖಲಾಗೋದೇ ಇಲ್ಲ. ಸೆಪುರ್ ಸಾರ್ಕೊ ಅನ್ನೋ ಊರು ಇದಕ್ಕೆ ಉದಾಹರಣೆ. ಜಮೀನಿನ ಹಕ್ಕುಪತ್ರ ಕೇಳುತ್ತಿದ್ದ ಗಂಡಸರನ್ನು 1982ರಲ್ಲಿ ಸೈನಿಕರು ಎಳೆದೊಯ್ದರು. ಅವರ ಹೆಂಡತಿಯರು ಸರದಿಯ ಮೇಲೆ ಸೇನಾನೆಲೆಗೆ ಹೋಗಿ ಅಡುಗೆ ಮಾಡಬೇಕು, ಬಟ್ಟೆ ಒಗೆಯಬೇಕು, ಅಲ್ಲೇ ಅತ್ಯಾಚಾರ. ಈ ಸರದಿಯಂಥ ವಿವರಗಳೇ ಮುಂದೆ ಗುಲಾಮಗಿರಿಯ ಆರೋಪಕ್ಕೆ ಬಲ ಕೊಟ್ಟವು.

ಸಂತ್ರಸ್ತೆಯರಿಗೆ ವಯಸ್ಸಾಗಿತ್ತು, ವಿಚಾರಣೆ ಶುರುವಾಗೋವರೆಗೆ ಎಲ್ಲರೂ ಬದುಕಿರುತ್ತಾರೆ ಅನ್ನೋ ಖಾತ್ರಿಯಿರಲಿಲ್ಲ. ಅದಕ್ಕೆ 2012ರಲ್ಲೇ ಸಾಕ್ಷ್ಯವನ್ನು ನ್ಯಾಯಾಧೀಶರ ಮುಂದೆ ವಿಡಿಯೋ ಮಾಡಿಟ್ಟರು. ಅವರಾಡುವ ಕೆಕ್ಚಿ ಅನ್ನೋ ಮಾಯಾ ಭಾಷೆಗೆ ದುಭಾಷಿಗಳಿದ್ದರು. 2016ರ ಫೆಬ್ರವರಿ 26ರಂದು ಇಬ್ಬರು ಅಪರಾಧಿಗಳಿಗೆ 120 ಮತ್ತು 240 ವರ್ಷ ಶಿಕ್ಷೆಯಾಯಿತು. ಶಿಕ್ಷೆಯಾದ ಮೇಲೂ ಆ ಹೆಂಗಸರು ಬಿಡಲಿಲ್ಲ: ಊರಿಗೊಂದು ಆಸ್ಪತ್ರೆ ಕೇಳಿದರು, ಮಕ್ಕಳಿಗೆ ಶಾಲೆ ಕೇಳಿದರು, ಗಂಡಂದಿರು ಕೇಳಿದ್ದ ಜಮೀನನ್ನೂ ಕೇಳಿದರು.