"ಸುಮ್ನೆ ಮಗು ನೋಡ್ಕೋತಿದ್ದೆ" ಅನ್ನಬೇಡಿ

ಬೇರೆಯವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಎಲ್ಲ ಅಕ್ಕತಂಗಿಯರಿಗೆ ನಮಸ್ಕಾರ. ವಾರಕ್ಕೊಂದೇ ರಜೆ, ಅದರಲ್ಲೂ ಮನೆಗೆ ಅಡುಗೆ ಮಾಡಿಟ್ಟು, ಒಗೆಯುವ ಬಟ್ಟೆ ಹಾಗೇ ಬಿಟ್ಟು ಬಂದಿದ್ದೀರಿ. ಅದಕ್ಕೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಒಬ್ಬ ಅಕ್ಕನ ಜೊತೆ ಬೆಳ್ಳಂದೂರಿನ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಕೆಲಸ ಕೇಳಲಿಕ್ಕೆ. ಆ ಮನೆಯಲ್ಲಿ ಏಳು ತಿಂಗಳ ಮಗು. ಬಾಣಂತಿ ರಜೆ ಮುಗಿದು ತಾಯಿ ಮತ್ತೆ ಆಫೀಸಿಗೆ ಹೊರಡಬೇಕಿತ್ತು. ಆ ತಾಯಿ ಕೇಳಿದರು, "ಇಲ್ಲಿವರೆಗೆ ಏನೇನು ಕೆಲಸ ಮಾಡಿದೀರಾ?" 11 ವರ್ಷ ಬೇರೆಯವರ ಮಕ್ಕಳನ್ನು ಸಾಕಿದ ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದರು, "ಏನಿಲ್ಲ ಮೇಡಂ, ಸುಮ್ನೆ ಮಗು ನೋಡ್ಕೋತಿದ್ದೆ."

ಆ "ಸುಮ್ನೆ" ಕೇಳಿ ನನಗೆ ತುಂಬಾ ಸಂಕಟವಾಯಿತು. ಮನೆಗೆ ಬಂದ ಮೇಲೂ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಆ ಅಕ್ಕ ಮಾಡುವ ರಾಗಿ ಸರಿಯ ವಿಷಯವನ್ನೇ ತೆಗೆದುಕೊಳ್ಳಿ. ರಾಗಿ ತೊಳೆದು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ಆಮೇಲೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಆರು ತಿಂಗಳು ತುಂಬಿದ ಮಗುವಿಗೆ ಮೊದಲ ದಿನ ಎರಡೇ ಚಮಚ. ಹೊಸದೇನಾದರೂ ಕೊಟ್ಟರೆ ಎರಡು ಮೂರು ದಿನ ಅದೊಂದನ್ನೇ ಕೊಟ್ಟು, ಮೈಮೇಲೆ ದದ್ದು ಏಳುತ್ತದಾ, ಹೊಟ್ಟೆ ಕೆಡುತ್ತದಾ ನೋಡುತ್ತಾರೆ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲು ಯಾರು ಹೇಳಿದರೂ ಬಿಡುವುದಿಲ್ಲ. ಇದೆಲ್ಲ ಸುಮ್ನೆ ಆಗುವ ಕೆಲಸ ಅಲ್ಲ, ಅಲ್ವಾ? ಇಷ್ಟೂ ಅವರ ಕೈಯಲ್ಲಿದೆ, ತಲೆಯಲ್ಲಿದೆ. ಕಾಗದದ ಮೇಲೆ ಮಾತ್ರ ಇಲ್ಲ.

ಇವತ್ತು ನಾನು ಹೇಳಬೇಕಾಗಿರುವುದು ಅದನ್ನೇ. ನಮ್ಮ ಕೆಲಸಕ್ಕೆ ಸಾಕ್ಷಿ ಉಳಿಯುವುದಿಲ್ಲ. ಮಗು ದೊಡ್ಡದಾಗುತ್ತದೆ, ಮೂರು ವರ್ಷಕ್ಕೆ ಮುಂಚಿನದು ಅದಕ್ಕೆ ನೆನಪಿರುವುದಿಲ್ಲ. ಆ ಮನೆಯವರು ಪುಣೆಗೋ ಅಮೆರಿಕಕ್ಕೋ ಹೋಗುತ್ತಾರೆ, ಫೋನ್ ನಂಬರು ಬದಲಾಗುತ್ತದೆ. ನಾವು ಮುಂದಿನ ಮನೆಯ ಬಾಗಿಲಲ್ಲಿ ಮತ್ತೆ ಹೊಸಬರಾಗಿ ನಿಲ್ಲುತ್ತೇವೆ.

ನಮ್ಮಮ್ಮ 18 ವರ್ಷ ಆಯಾ ಆಗಿದ್ದರು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳನ್ನು ತೊಟ್ಟಿಲಿಂದ ಹೈಸ್ಕೂಲಿನವರೆಗೆ ಬೆಳೆಸಿದರು. ಮನೆಯವರು ಒಳ್ಳೆಯವರೇ. ಊರು ಬಿಡುವ ದಿನ ಅಮ್ಮನಿಗೆ ಸೀರೆ ಕೊಟ್ಟರು, ತಬ್ಬಿಕೊಂಡು ಅತ್ತರು. ಒಂದು ಸಾಲು ಬರೆದು ಕೊಡಬೇಕು ಅಂತ ಅವರಿಗೂ ಹೊಳೆಯಲಿಲ್ಲ, ಕೇಳಬೇಕು ಅಂತ ಅಮ್ಮನಿಗೂ ಗೊತ್ತಿರಲಿಲ್ಲ. ಮುಂದಿನ ಮನೆಯಲ್ಲಿ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಗೆ ಕೊಡುವ ಸಂಬಳಕ್ಕೇ ಅಮ್ಮ ಸೇರಿದರು.

ಇದು ಇವತ್ತಿನ ಕಥೆಯಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಆಯಾಗಳು ದೊರೆಸಾನಿಯರ ಮಕ್ಕಳನ್ನು ನೋಡಿಕೊಳ್ಳುತ್ತಾ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿದ್ದರು. ಸಮುದ್ರದ ಮೇಲೆ ವಾರಗಟ್ಟಲೆ ಮಕ್ಕಳ ಊಟ, ನಿದ್ದೆ, ವಾಂತಿ ಎಲ್ಲ ಇವರ ಪಾಲಿಗೆ. ಹಡಗು ಇಳಿದ ಮೇಲೆ ಕೆಲವರು "ಇನ್ನು ನೀನು ಬೇಡ" ಎಂದು ಕೈಬಿಡುತ್ತಿದ್ದರು. ವಾಪಸ್ ಬರಲು ಟಿಕೆಟ್ಟಿಗೆ ದುಡ್ಡೂ ಇಲ್ಲ. ಅಂಥವರಿಗಾಗಿಯೇ ಲಂಡನ್ನಿನಲ್ಲಿ ಆಯಾಗಳ ವಸತಿಗೃಹ ಅಂತ ಒಂದಿತ್ತು. ಮೊದಲು ಆಲ್ಡ್‌ಗೇಟ್‌ನಲ್ಲಿ, 1900ರಿಂದ ಹ್ಯಾಕ್ನಿಯಲ್ಲಿ. ಊರಿಗೆ ಮರಳುವ ಇನ್ನೊಂದು ಕುಟುಂಬ ಸಿಗುವವರೆಗೆ ಅಲ್ಲಿರುತ್ತಿದ್ದರು. ಹ್ಯಾಕ್ನಿಯ ಆ ಮನೆಗೆ 2022ರಲ್ಲಿ, ಚರಿತ್ರೆಯ ನೆನಪಿಗೆ ಅಂತ ಅಲ್ಲಿ ಗೋಡೆಗೆ ಹಾಕುವ ನೀಲಿ ಫಲಕ ಹಾಕಿದ್ದಾರೆ. ಆ ಕಾಲದಲ್ಲಿ ಮನೆಕೆಲಸದವರಿಗೆ ಹೊಸ ಮನೆ ಸಿಗಬೇಕಾದರೆ ಹಳೇ ದೊರೆಸಾನಿ ಬರೆದುಕೊಟ್ಟ ಚೀಟಿ ಬೇಕಿತ್ತು. ಇಂಗ್ಲಿಷಿನವರೂ ಅದನ್ನು "ಚಿಟ್" ಎಂದೇ ಕರೆದರು. ನಮ್ಮ ಕಡೆಯ ಮಾತನ್ನೇ ತೆಗೆದುಕೊಂಡು ಹೋದರು. ಚೀಟಿ ಇದ್ದವಳಿಗೆ ಕೆಲಸ, ಇಲ್ಲದವಳಿಗೆ ಅನುಮಾನದ ನೋಟ.

ಆದ್ದರಿಂದ ಮೊದಲ ಮಾತು: ಬಿಡುವ ಮುಂಚೆ ಚೀಟಿ ಕೇಳಿ. ಮನೆಯವರು ಸಾಮಾನು ಕಟ್ಟುವ ವಾರ ಅಲ್ಲ, ಒಂದು ತಿಂಗಳು ಮುಂಚೆ. "ಮೇಡಂ, ನಾನು ಯಾವಾಗಿಂದ ಯಾವಾಗಿನವರೆಗೆ ಇದ್ದೆ, ಮಗುವಿಗೆ ಎಷ್ಟು ವಯಸ್ಸು, ಏನೇನು ಮಾಡ್ತಿದ್ದೆ ಅಂತ ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಡಿ" ಎನ್ನಿ. ಹೊಸ ಮನೆಯವರು ಫೋನ್ ಮಾಡಿದರೆ ಮಾತಾಡುತ್ತೀರಾ ಅಂತಲೂ ಆಗಲೇ ಕೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅವರು ಕಂಪನಿ ಬಿಡುವಾಗ ಅವರೂ ಇಂಥದ್ದೇ ಪತ್ರ ತೆಗೆದುಕೊಳ್ಳುತ್ತಾರೆ.

ಇನ್ನು ಬಯೋಡೇಟಾ. ಬಹಳ ಜನ ಜೆರಾಕ್ಸ್ ಅಂಗಡಿಗೆ ಹೋಗಿ ಮಾಡಿಸುತ್ತೀರಿ. ಅಲ್ಲಿರುವ ನಮೂನೆ ಎಷ್ಟೋ ಸಲ ಮದುವೆಯದ್ದು. ಜಾತಿ, ಎತ್ತರ, ತಂದೆ ಹೆಸರು, ಹವ್ಯಾಸ. ಅದ್ಯಾವುದೂ ಬೇಡ. ಒಂದೇ ಪುಟ ಸಾಕು. ಹೆಸರು, ಫೋನ್ ನಂಬರು, ಯಾವ ಏರಿಯಾದಲ್ಲಿ ಇದ್ದೀರಿ, ಯಾವ ಯಾವ ಭಾಷೆ ಬರುತ್ತದೆ. ಆಧಾರ್ ನಂಬರನ್ನು ಅದರಲ್ಲಿ ಬರೆಯಬೇಡಿ, ಆ ಕಾಗದ ಯಾರ ಯಾರ ಫೋನಿಗೆ ಹೋಗುತ್ತದೋ. ಕೆಲಸ ಗಟ್ಟಿಯಾದ ಮೇಲೆ ಕಾರ್ಡ್ ತೋರಿಸಿದರಾಯಿತು. ನೋಡಿಕೊಂಡ ಮಕ್ಕಳ ಹೆಸರು, ಫೋಟೋ ಕೂಡ ಬೇಡ. ಒಂದು ಮನೆಯ ಮಗುವಿನ ವಿಷಯವನ್ನು ನೀವು ಗುಟ್ಟಾಗಿ ಇಟ್ಟಿದ್ದೀರಿ ಅಂದರೆ ಇನ್ನೊಂದು ಮನೆಯವರಿಗೆ ಧೈರ್ಯ ಬರುತ್ತದೆ.

ಮುಖ್ಯವಾದದ್ದು ಅನುಭವದ ಭಾಗ. "6 ವರ್ಷ ಮಗು ನೋಡಿಕೊಂಡಿದ್ದೇನೆ" ಅಂದರೆ ಓದುವವರಿಗೆ ಏನೂ ಕಾಣಿಸುವುದಿಲ್ಲ. ಹೀಗೆ ಬರೆಯಿರಿ: "2019ರಿಂದ 2022, ಎಚ್‌ಎಸ್‌ಆರ್ ಲೇಔಟ್. 8 ತಿಂಗಳಿಂದ 3 ವರ್ಷದವರೆಗೆ ಹೆಣ್ಣುಮಗು. ಬೆಳಿಗ್ಗೆ 9ರಿಂದ ಸಂಜೆ 6. ಸ್ನಾನ, ಅಡುಗೆ, ಊಟ, ನಿದ್ದೆ, ಡೈಪರ್ ಬಿಡಿಸಿ ಟಾಯ್ಲೆಟ್ ಅಭ್ಯಾಸ ಮಾಡಿಸಿದ್ದು, ಸಂಜೆ ಪಾರ್ಕು." ಓದಿದ ಕೂಡಲೇ ಒಂದು ಮಗು, ಒಂದು ದಿನ ಕಣ್ಣ ಮುಂದೆ ಬರುತ್ತದೆ. ನಡುವೆ ಎರಡು ವರ್ಷ ಕೆಲಸಕ್ಕೆ ಹೋಗಿಲ್ಲವಾ? ಹೆರಿಗೆಗೆ ಊರಿಗೆ ಹೋಗಿದ್ದೆ ಅಂತಲೇ ಬರೆಯಿರಿ. ಬಿಟ್ಟರೆ ಅನುಮಾನ, ಬರೆದರೆ ನಂಬಿಕೆ.

ಇದಕ್ಕೆಲ್ಲ ತಳಪಾಯ ಒಂದು ಪುಟ್ಟ ನೋಟ್‌ಬುಕ್. ನಾನು ಕೆಲಸ ಮಾಡುವಾಗ ದಿನಾ ಬರೆಯುತ್ತಿದ್ದೆ. ಒಂದು ಪುಟ ಓದುತ್ತೇನೆ ಕೇಳಿ: "9:20 ಹಾಲು 120 ಎಂಎಲ್. 12:30 ಸರಿ ಅರ್ಧ ಬಟ್ಟಲು, ಉಗುಳಿತು. 3:15 ಮೈ ಬಿಸಿ, 100.8. ಅಮ್ಮನಿಗೆ ಫೋನ್. 4:00 ಮತ್ತೆ ಭೇದಿ, ಇವತ್ತು ನಾಲ್ಕನೇ ಸಲ. ಉಚ್ಚೆ ಕಡಿಮೆ." ಆ ಸಂಜೆ ತಾಯಿ ಆ ಪುಸ್ತಕವನ್ನೇ ಡಾಕ್ಟರ ಮುಂದಿಟ್ಟರು. ಡಾಕ್ಟರು ಓದಿ, "ಯಾರು ಬರೆದಿದ್ದು?" ಅಂದರು. ಯಾವ ಸರ್ಟಿಫಿಕೇಟೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ. ಬರೆಯಲು ಬರುವುದಿಲ್ಲ ಅನ್ನುವವರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ಗಂಟೆ, ತಾರೀಕು ತಾನಾಗಿ ಉಳಿಯುತ್ತದೆ.

ಈಗ ಕಲಿಯುವ ವಿಷಯ. ಒಂದೇ ಒಂದು ತರಬೇತಿಗೆ ಸಮಯ ಇದೆ ಅಂದರೆ ಪ್ರಥಮ ಚಿಕಿತ್ಸೆ ಕಲಿಯಿರಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಕಲಿಸಿ ಸರ್ಟಿಫಿಕೇಟ್ ಕೊಡುತ್ತವೆ. ಮಗುವಿಗೆ ಏನಾದರೂ ಗಂಟಲಲ್ಲಿ ಸಿಕ್ಕಿಕೊಂಡರೆ ನಾವೆಲ್ಲ ನೆತ್ತಿ ತಟ್ಟಿ ಬೆಳೆದವರು. ಅದರಿಂದ ಏನೂ ಉಪಯೋಗವಿಲ್ಲ. ಕಾಣದೆ ಬಾಯೊಳಗೆ ಬೆರಳು ಹಾಕಿದರೆ ಒಳಗೇ ತಳ್ಳಿದಂತೆ. ವರ್ಷದೊಳಗಿನ ಮಗು ಉಸಿರು ಕಟ್ಟಿ ಅಳಲೂ ಆಗದೆ ಇದ್ದರೆ, ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿದು, ಬೆನ್ನ ಮೇಲೆ, ಭುಜದ ಹಿಂದಿನ ಎರಡು ರೆಕ್ಕೆ ಮೂಳೆಗಳ ನಡುವೆ ಐದು ಏಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಮತ್ತೆ ಬೆನ್ನಿಗೆ. ಪಕ್ಕದಲ್ಲಿದ್ದವರು 108ಕ್ಕೆ ಫೋನ್ ಮಾಡಬೇಕು. ಎಷ್ಟು ಜೋರು ಅನ್ನುವುದು ಮಾತಲ್ಲಿ ಕೇಳಿ ಬರುವಂಥದ್ದಲ್ಲ, ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು. ಅದಕ್ಕೇ ತರಬೇತಿಗೆ ಹೋಗಿ ಅನ್ನುತ್ತಿರುವುದು.

ಮನೆಗೆಲಸಕ್ಕೆ ಅಂತಲೇ ಕೇಂದ್ರದ ಕೌಶಲ ಮಂಡಳಿಯೊಂದಿದೆ. ಅದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬೇರೆಯೇ ಪಠ್ಯ ಮಾಡಿದ್ದಾರೆ, ಹೆಸರು ಚೈಲ್ಡ್ ಕೇರ್‌ಟೇಕರ್. ಈಗಾಗಲೇ ಕೆಲಸ ಗೊತ್ತಿರುವವರ ಅನುಭವ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ದಾರಿಯೂ ಕೌಶಲ ಯೋಜನೆಗಳಲ್ಲಿದೆ. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟವರು ಮುಕ್ತ ಶಾಲೆಯಲ್ಲಿ ಈಗಲೂ ಕಟ್ಟಬಹುದು. ಆದರೆ ಯಾರಾದರೂ ಏಜೆಂಟ್ ನಿಮ್ಮ ಮೂಲ ದಾಖಲೆಗಳನ್ನು ತೆಗೆದಿಟ್ಟುಕೊಂಡರೆ, ಕೆಲಸ ಕೊಡಿಸುತ್ತೇನೆ ಅಂತ ಮೊದಲೇ ದುಡ್ಡು ಕೇಳಿದರೆ, ಎದ್ದು ಬನ್ನಿ. ಜೆರಾಕ್ಸ್ ಮಾತ್ರ ಕೊಡಿ.

ಸಂಬಳದ ಬಗ್ಗೆ ಒಂದೆರಡು ಮಾತು. ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದ್ದು 2004ರಲ್ಲಿ. ಅದು ನೆಲ, ನಿಮ್ಮ ಅನುಭವ ಅದರ ಮೇಲಿನ ಮಹಡಿ. ಎಷ್ಟು ಗಂಟೆ, ವಾರದ ರಜೆ ಯಾವತ್ತು, ಪಾತ್ರೆ ತೊಳೆಯುವುದೂ ಸೇರಿದೆಯಾ, ಸೇರುವ ದಿನವೇ ಬರೆದುಕೊಳ್ಳಿ. 16ರಿಂದ 59 ವರ್ಷದವರು ಇ-ಶ್ರಮ್ ಕಾರ್ಡ್ ಮಾಡಿಸಿ. 2021ರಲ್ಲಿ ಶುರುವಾದದ್ದು, ನೋಂದಣಿ ಉಚಿತ, 12 ಅಂಕಿಯ ನಂಬರು ಸಿಗುತ್ತದೆ. ನೀವು ಕಾರ್ಮಿಕರು ಅಂತ ಸರ್ಕಾರದ ಲೆಕ್ಕಕ್ಕೆ ಸೇರುವುದು ಅಲ್ಲಿಂದ.

ಬೆಳ್ಳಂದೂರಿನ ಆ ಕೆಲಸ ಅಕ್ಕನಿಗೆ ಸಿಗಲಿಲ್ಲ. ಮುಂದಿನ ಭಾನುವಾರ ನಮ್ಮ ಮನೆಗೆ ಬಂದರು. ನೆಲದ ಮೇಲೆ ಕೂತು ಇಬ್ಬರೂ ಅವರ 11 ವರ್ಷವನ್ನು ಒಂದು ಪುಟಕ್ಕೆ ಇಳಿಸಿದೆವು. ಮುಗಿದ ಮೇಲೆ ಪೂರ್ತಿ ಓದಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಎರಡನೇ ಮನೆಯಲ್ಲಿ ಅವಳಿ ಮಕ್ಕಳು ಕಣೇ. ಎರಡನ್ನೂ ಒಬ್ಬಳೇ ನೋಡ್ಕೊಂಡೆ. ಅದನ್ನ ಬರೆದೇ ಇಲ್ವಲ್ಲ, ಬರಿ" ಅಂದರು. ಬರೆದೆ.

ಆ ಕಡೆ ಮೇಜಿನ ಮೇಲೆ ಹಾಳೆ, ಪೆನ್ನು ಇಟ್ಟಿದ್ದೇವೆ. ಬರೆಯಲು ಬಾರದವರ ಪಕ್ಕದಲ್ಲಿ ಬರುವವರು ಕೂತುಕೊಳ್ಳಿ. ಮೊದಲ ಮನೆಯಿಂದ ಶುರುಮಾಡೋಣ.