ಹಳೇ ದೋಣಿ ಮೋಟರು, ಹಿಡಿದುಕೊಂಡ ಬೋಲ್ಟು

ಈ ವಿಡಿಯೋದಲ್ಲಿ ಮಳೆ ಸದ್ದು ಜಾಸ್ತಿ ಕೇಳಿಸಿದರೆ ಸಹಿಸಿಕೊಳ್ಳಿ. ಕೊಡಗಿನ ಸಿದ್ದಾಪುರದ ಕಡೆ ಶೀಟ್ ಹಾಕಿದ ಶೆಡ್ಡಿನಲ್ಲಿ ಜೂನ್ ತಿಂಗಳು ಅಂದರೆ ಹೀಗೇ.

ಸ್ಟ್ಯಾಂಡಿಗೆ ಹಾಕಿರೋದು 9.9 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿಂದ ಕಟ್ಟುವ ಮೋಟರು. ಮಲ್ಪೆ ಕಡೆಯಿಂದ ಬಂದದ್ದು. ಅಲ್ಲಿ ನಾಡದೋಣಿಗೆ ಕಟ್ಟಿ, ಸೀಮೆಎಣ್ಣೆ ಕುಡಿಸಿ, ಚೆನ್ನಾಗಿ ದುಡಿಸಿದ್ದಾರೆ. ಕಾಫಿ ತೋಟದವನಿಗೆ ದೋಣಿ ಮೋಟರು ಯಾಕೆ ಅಂತೀರಾ? 2019ರ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಯೊಳಗೆ ಬಂದದ್ದನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಆ ಸೆಳೆತದಲ್ಲಿ ಹುಟ್ಟು ಹಾಕಿಕೊಂಡು ಹೋಗೋದು ನನ್ನ ಕೈಲಿ ಆಗುವ ಕೆಲಸ ಅಲ್ಲ.

ಮೋಟರು ಸ್ಟಾರ್ಟ್ ಆಗುತ್ತದೆ, ಆದರೆ ಹಿಂದಿನ ತೂತಿನಿಂದ ನೀರು ಬರುತ್ತಿಲ್ಲ. ಅಂದರೆ ತಣ್ಣಗಿಡುವ ನೀರಿನ ಪಂಪು ಕೆಲಸ ಮಾಡುತ್ತಿಲ್ಲ. ಪಂಪು ಇರೋದು ಕೆಳಗಿನ ಗೇರ್ ಕೇಸಿನ ಮೇಲೆ. ಅದನ್ನು ಇಳಿಸಲು ಬಿಚ್ಚಬೇಕಾದದ್ದು ಬರೀ ನಾಲ್ಕು ಬೋಲ್ಟು. ಬರೀ! ಎರಡು ಬಂದವು, ನೋಡಿದಿರಿ. ಮೂರನೆಯದು ಮಿಸುಕುತ್ತಿಲ್ಲ.

ಇಲ್ಲಿ ಹತ್ತಿರ ಬನ್ನಿ. ಈ ಬಿಳಿ ಪುಡಿ ಕಾಣಿಸುತ್ತಾ? ಎಲ್ಲರೂ ಬೋಲ್ಟಿಗೆ ತುಕ್ಕು ಹಿಡಿದಿದೆ ಅಂತಾರೆ. ಬೋಲ್ಟು ಸ್ಟೈನ್‌ಲೆಸ್, ಇನ್ನೂ ಮಿರಮಿರ ಅನ್ನುತ್ತಿದೆ. ಕರಗುತ್ತಿರೋದು ಸುತ್ತಲಿನ ಅಲ್ಯೂಮಿನಿಯಂ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯೋದು ಯಾವಾಗಲೂ ಪಾಪದ ಅಲ್ಯೂಮಿನಿಯಂ. ಹುಟ್ಟುವ ಪುಡಿಗೆ ಮೊದಲಿದ್ದ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಬೋಲ್ಟು ತಿರುಗುವ ಸುರುಳಿ ಗೆರೆ, ಅಂದರೆ ಥ್ರೆಡ್ಡಿನೊಳಗೆ ಬಿಗಿಯಾಗಿ ತುಂಬಿಕೊಳ್ಳುತ್ತದೆ. ನಮ್ಮ ಕಾವೇರಿಯಲ್ಲಿ ಉಪ್ಪಿಲ್ಲ, ಇದೆಲ್ಲ ಸಮುದ್ರದ ಪಾಲು. ಸಾಲದ್ದಕ್ಕೆ ಅಪ್ಪ ಇದನ್ನು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ಚೀಲಕ್ಕೆ ಒರಗಿಸಿ ಇಟ್ಟಿದ್ದರು. ಅದರಲ್ಲಿ ಇರೋದು ತಾಮ್ರ. ಒದ್ದೆಯಾಗಿ ತಾಗಿದರೆ ಅಲ್ಯೂಮಿನಿಯಂ ಕಥೆ ಮುಗಿಯಿತು. ಚೀಲ ಈಗ ಆಚೆ ಮೂಲೆಯಲ್ಲಿದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟಿದ್ದೆ. ನನ್ನನ್ನು ಕೇಳಿದರೆ ದಂಡ. ಅಷ್ಟು ಗಟ್ಟಿಯಾದ ಪುಡಿಯೊಳಗೆ ಎಣ್ಣೆ ಎಲ್ಲಿ ಇಳಿಯುತ್ತದೆ?

ಈಗ ಗ್ಯಾಸ್ ಟಾರ್ಚ್. ಪೆಟ್ರೋಲ್ ಟ್ಯಾಂಕು, ಪೈಪು ಎಲ್ಲ ತೆಗೆದು ದೂರ ಇಟ್ಟಿದ್ದೇನೆ. ಬೆಂಕಿ ಹಿಡಿಯಬೇಕಾದದ್ದು ಬೋಲ್ಟಿಗಲ್ಲ, ಸುತ್ತಲಿನ ಕೇಸಿಗೆ. ಕಾದಾಗ ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ತೂತು ದೊಡ್ಡದಾಗುತ್ತದೆ. ಆದರೆ ಕೆಂಪಗಾಗಲಿ ಅಂತ ಕಾಯಬೇಡಿ. ಅದು ಕಣ್ಣಿಗೆ ಕೆಂಪಗೆ ಕಾಣೋದೇ ಇಲ್ಲ; ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಇಂಥ ಮಿಶ್ರಲೋಹದ ಕೇಸು ಅದಕ್ಕೂ ಮೊದಲೇ ನೇರ ಕರಗಿ ಕೆಳಗೆ ಬೀಳುತ್ತದೆ. ನೀರು ಚಿಮುಕಿಸಿದರೆ ಚುರ್ ಅನ್ನಬೇಕು, ಅಷ್ಟು ಸಾಕು. ಒಳಗೆ ಆಯಿಲ್ ಸೀಲುಗಳಿವೆ, ಅವು ರಬ್ಬರು.

ಈಗ ಬೋಲ್ಟಿನ ತಲೆ ಮೇಲೆ ಸುತ್ತಿಗೆಯಿಂದ ನೇರ ಏಟು. ಆಮೇಲೆ ಸ್ಪ್ಯಾನರ್ ಹಾಕಿ ಒಂದು ಸಲ ಬಿಗಿ ಮಾಡುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಹಿಂದೆ. ಒಂದು ನಿಮಿಷ, ಫೋನು. ಪಕ್ಕದ ತೋಟದ ಮಾವ. ಆನೆ ಬಂತಾ, ಪಟಾಕಿ ಹೊಡೀತಿದ್ದೀಯಾ ಅಂತ ಕೇಳುತ್ತಿದ್ದಾರೆ. ಇಲ್ಲ ಮಾವ, ಬೋಲ್ಟು! ಅವರದ್ದೂ ತಪ್ಪಲ್ಲ. ಹಲಸು ಹಣ್ಣಾಗುವ ಕಾಲ, ಹೋದ ವಾರ ಅವರ ಗೇಟೇ ಮಲಗಿತ್ತು. ಸೋಲಾರ್ ಬೇಲಿ ಹಾಕಿದರೆ ಅದರ ಮೇಲೆ ಮರ ಬೀಳಿಸಿ ದಾಟುತ್ತವಂತೆ... ಅಯ್ಯೋ, ತಿರುಗಿತು! ಸ್ಪ್ಯಾನರ್ ನೋಡಿ, ತಿರುಗಿತು! ಈಗ ಅದೇ ಸ್ಪ್ರೇ ಹೊಡೆಯುತ್ತೇನೆ. ದಂಡ ಅಂದೆನಾ? ಕಾಯಿಸಿದ ಮೇಲೆ ಪರವಾಗಿಲ್ಲ, ಒಳಗೆ ಎಳೆದುಕೊಳ್ಳುತ್ತದೆ.

ಇನ್ನು ನಾಲ್ಕನೆಯದು. ಇದನ್ನು ಹೇಳದೆ ಬಿಡುವುದಿಲ್ಲ. ಮೇಲಿಂದ ನೋಡಿದರೆ ಬೋಲ್ಟಿನ ತಲೆ, ಅದಕ್ಕೆ ಪೇಂಟು. ಸ್ಪ್ಯಾನರ್ ಇಟ್ಟ ಕೂಡಲೇ ತಲೆ ಕೈಗೆ ಬಂತು. ಅದು ಎಂ-ಸೀಲ್, ಮೆತ್ತಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು! ಬೋಲ್ಟು ಹಿಂದೆಯೇ ಮುರಿದಿದೆ. ಯಾರೋ ಅದಕ್ಕೆ ತೂತು ಕೊರೆದು, ಮುರಿದ ಬೋಲ್ಟು ಕೀಳುವ ಈಜಿ ಔಟ್ ಹಾಕಿದ್ದಾರೆ. ಅದೂ ಒಳಗೇ ಮುರಿದಿದೆ. ಆಮೇಲೆ ಎಂ-ಸೀಲ್ ಮೆತ್ತಿ, ಆರು ಮೂಲೆ ಕೆತ್ತಿ, ಬಣ್ಣ ಹೊಡೆದು ನನಗೆ ಮಾರಿದ್ದಾರೆ. ಆರು ಮೂಲೆ ಕೆತ್ತುವಷ್ಟು ಪುರಸೊತ್ತು ಇತ್ತಲ್ಲ, ಅದೇ ಹೊಟ್ಟೆ ಉರಿಯೋದು. ಇಪ್ಪತ್ತೆರಡು ಸಾವಿರ ಕೊಟ್ಟಿದ್ದೇನೆ ಸ್ವಾಮಿ. ಬೋಲ್ಟು ಮುರಿದಿದೆ ಅಂತ ಹೇಳಿದ್ದರೂ ತಗೊಳ್ಳುತ್ತಿದ್ದೆ, ಎರಡು ಸಾವಿರ ಕಮ್ಮಿ ಮಾಡಿಸಿ. ಈಗ ಫೋನ್ ಮಾಡಿದರೆ ಸ್ವಿಚ್ ಆಫ್.

ಈಜಿ ಔಟ್ ಅಂದರೆ ಹದ ಮಾಡಿದ ಗಟ್ಟಿ ಸ್ಟೀಲು. ಮನೆಯ ಡ್ರಿಲ್ಲಿನ ಮೊನೆ ಅದರ ಮೇಲೆ ಜಾರಿ ಪಕ್ಕದ ಮೆತ್ತನೆ ಅಲ್ಯೂಮಿನಿಯಂ ಕಡೆ ಓಡುತ್ತದೆ. ಆ ಸಣ್ಣ ಗಾಯ ನೋಡಿ, ಅವರು ಮಾಡಿದ್ದೇ. ನಾನು ಡ್ರಿಲ್ ಮುಟ್ಟುವುದಿಲ್ಲ.

ಜೀಪಿಗೆ ಹಾಕಿ ಪೇಟೆಗೆ ತಂದಾಯ್ತು. ಇದು ವೆಲ್ಡಿಂಗ್ ಅಂಗಡಿ. ಅಂಗಡಿಯ ಅಣ್ಣ ತಮ್ಮ ಮುಖ ತೋರಿಸಬೇಡ ಅಂದಿದ್ದಾರೆ, ಕೈ ಮಾತ್ರ. ಮುರಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು, ಅದರ ತೂತಿನೊಳಗಿಂದಲೇ ವೆಲ್ಡ್ ತುಂಬುತ್ತಾರೆ. ಸ್ಟೀಲ್ ವೆಲ್ಡು ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ, ಅದೇ ನಮ್ಮ ಪುಣ್ಯ. ಆ ಶಾಖಕ್ಕೆ ತುಂಡು ಹಿಗ್ಗಿ ಪುಡಿಯನ್ನು ಜಜ್ಜುತ್ತದೆ, ಆರಿದಾಗ ಕುಗ್ಗಿ ಸಡಿಲವಾಗುತ್ತದೆ. ಮೊದಲ ನಟ್ಟು ಕಿತ್ತು ಬಂತು. "ಅವಸರ ಬೇಡ ಮಾರಾಯಾ, ಆರಲಿ" ಅಂದರು. ಎರಡನೆಯದಕ್ಕೆ... ಬಂತು! ಈಜಿ ಔಟ್ ಹೊಟ್ಟೆಯೊಳಗೆ ಇಟ್ಟುಕೊಂಡೇ ಬಂತು.

ಮುನ್ನೂರು ರೂಪಾಯಿ ತಗೊಂಡರು. ಬೆಳಿಗ್ಗೆ ವೆಲ್ಡಿಂಗಿಗೆ ಮುನ್ನೂರಾ ಅಂದಿದ್ದೆ. ಐನೂರು ಕೇಳಿದ್ದರೂ ಕೊಡುತ್ತಿದ್ದೆ, ಅವರಿಗೆ ಹೇಳಬೇಡಿ.

ಗೇರ್ ಕೇಸ್ ಇಳಿಯಿತು. ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರಿನಲ್ಲಿ ರೆಕ್ಕೆ ಅರ್ಧ ಇಲ್ಲ. ಉದುರಿದ ಚೂರುಗಳು ಮೇಲೆ ನೀರಿನ ದಾರಿಯಲ್ಲಿ ಕೂತಿರುತ್ತವೆ, ಅವನ್ನೂ ಹುಡುಕಬೇಕು. ಥ್ರೆಡ್ಡಿಗೆ ಟ್ಯಾಪ್ ತಿರುಗಿಸಿ ಚೊಕ್ಕ ಮಾಡಿ, ಹೊಸ ಬೋಲ್ಟಿಗೆ ಮರೈನ್ ಗ್ರೀಸ್ ಬಳಿದೇ ಹಾಕುತ್ತೇನೆ. ಕರೆಂಟ್ ಹೋಯಿತು, ಕ್ಯಾಮೆರಾ ಬ್ಯಾಟರಿಯೂ ಕೆಂಪು ತೋರಿಸುತ್ತಿದೆ. ಇಂಪೆಲ್ಲರ್ ಮಂಗಳೂರಿನಿಂದ ಬಸ್ಸಿಗೆ ಹಾಕಿಸಿದ್ದೇನೆ, ಬಂದ ಮೇಲೆ ಸಿಗೋಣ.