ತೋಳೆತ್ತಿದರೆ ನೋವು: ಭುಜದ ಇಂಪಿಂಜ್‌ಮೆಂಟ್ ಮತ್ತು ಫಿಸಿಯೋಥೆರಪಿ

ಸಭಿಕರೆ,

ಅಂಗಿಯ ತೋಳಿಗೆ ಕೈ ತೂರಿಸುವಾಗ, ಕಪಾಟಿನ ಮೇಲಿನ ಅರೆಗೆ ಕೈ ಚಾಚಿದಾಗ, ರಾತ್ರಿ ಅದೇ ಮಗ್ಗುಲಿಗೆ ಹೊರಳಿದಾಗ ಭುಜದ ಹೊರಬದಿಯಲ್ಲಿ ಚುಳುಕ್ಕೆನ್ನುವ ನೋವು ಇಂದಿನ ನನ್ನ ವಿಷಯ. ಇದನ್ನೇ ಇಂಪಿಂಜ್‌ಮೆಂಟ್, ಅಂದರೆ ಇಕ್ಕಟ್ಟಿನಲ್ಲಿ ಸಿಲುಕುವಿಕೆ, ಎಂದು ಕರೆಯುತ್ತಾರೆ. ತೋಳನ್ನು ಪಕ್ಕದಿಂದ ನಿಧಾನವಾಗಿ ಮೇಲೆತ್ತಿಸಿ ನೋಡಿದರೆ ಸಾಮಾನ್ಯವಾಗಿ 60ರಿಂದ 120 ಡಿಗ್ರಿಗಳ ನಡುವೆ ಈ ನೋವು ಹೆಚ್ಚಾಗಿ, ಆ ಹಂತ ದಾಟಿದ ಮೇಲೆ ತಗ್ಗುತ್ತದೆ.

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಕುಳಿ ಆಳವಿಲ್ಲದ್ದು. ರೋಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳು ಆ ತಲೆಯನ್ನು ಕುಳಿಯ ನಡುವೆ ಹಿಡಿದಿಡುತ್ತವೆ. ಅವುಗಳಲ್ಲಿ ಸುಪ್ರಾಸ್ಪೈನೇಟಸ್‌ ಎಂಬುದರ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ಅಕ್ರೋಮಿಯನ್ ಎಂಬ ಮೂಳೆಯ ಚಾವಣಿಯ ಕೆಳಗೆ ಹಾದುಹೋಗುತ್ತದೆ. ಈ ಇಕ್ಕಟ್ಟಿನಲ್ಲಿ ರಜ್ಜು ಮೂಳೆಗೆ ಉಜ್ಜಿ ಸವೆಯುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ 1972ರಲ್ಲಿ ವಿವರಿಸಿದ ಮೇಲೆ, ಅಕ್ರೋಮಿಯನ್ನಿನ ತಳಭಾಗವನ್ನು ಕೆತ್ತಿ ಜಾಗ ಮಾಡುವ ಶಸ್ತ್ರಚಿಕಿತ್ಸೆ ದಶಕಗಳ ಕಾಲ ರೂಢಿಯಲ್ಲಿತ್ತು. ಆದರೆ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಮೂಳೆ ಕೆತ್ತಿಸಿಕೊಂಡವರಿಗೂ, ಆರ್ತ್ರೋಸ್ಕೋಪ್ (ಕೀಲಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ಒಳಗಿಳಿಸಿ ಮೂಳೆಯನ್ನು ಮುಟ್ಟದೆ ಬಿಡಲಾದವರಿಗೂ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಉಜ್ಜುವಿಕೆಯೊಂದೇ ನೋವಿನ ಮೂಲವೆಂದು ನಂಬುವುದು ಈಗ ಕಷ್ಟ. ಹೊರೆ ತಾಳುವ ಶಕ್ತಿ ಕುಂದಿದ ರಜ್ಜು ಮತ್ತು ಕೆರಳಿದ ಬರ್ಸಾ (ರಜ್ಜು ಮತ್ತು ಮೂಳೆಯ ನಡುವಿನ ದ್ರವದ ಚೀಲ) ಇಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ಕುಂದಿದ ಶಕ್ತಿಯನ್ನು ಬರೀ ವಿಶ್ರಾಂತಿ ಮರಳಿಸದು. ಅಳತೆಯರಿತು ಹೊರೆ ಹೊರಿಸಬೇಕು.

ಮೊದಲ ವ್ಯಾಯಾಮವನ್ನೇ ನೋಡೋಣ. ಮೊಣಕೈಯನ್ನು 90 ಡಿಗ್ರಿಗೆ ಮಡಿಸಿ, ಅದಕ್ಕೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ ಇಟ್ಟು, ಬಾಗಿಲ ಹಿಡಿಗೆ ಕಟ್ಟಿದ ಎಲಾಸ್ಟಿಕ್ ಪಟ್ಟಿಯನ್ನು ಮುಂಗೈಯಿಂದ ಹೊರಕ್ಕೆ ಎಳೆಯಬೇಕು. ಟವೆಲ್ ಜಾರಿ ಬಿದ್ದರೆ ತೋಳು ಪಕ್ಕೆಯಿಂದ ದೂರ ಸರಿದಿದೆ ಎಂದರ್ಥ. ಎಳೆಯುವುದಕ್ಕಿಂತ ಹಿಂದಿರುಗುವುದು ನಿಧಾನವಾಗಿರಬೇಕು. ಬಹುಪಾಲು ಜನ ತಪ್ಪುವುದು ಇಲ್ಲಿಯೇ, ಪಟ್ಟಿ ಎಳೆದಂತೆ ಕೈಯನ್ನು ಬಿಟ್ಟುಬಿಡುತ್ತಾರೆ. ಮಾಡುವಾಗ ಹತ್ತಕ್ಕೆ ಮೂರೋ ನಾಲ್ಕೋ ಅಂಕದಷ್ಟು ನೋವಾದರೆ ಅಂಜಬೇಕಿಲ್ಲ. ಮರುದಿನ ಬೆಳಿಗ್ಗೆಯೂ ಅದು ಹಾಗೇ ಉಳಿದಿದ್ದರೆ ಪಟ್ಟಿಯ ಬಿಗಿಯನ್ನೋ ಎಳೆತಗಳ ಸಂಖ್ಯೆಯನ್ನೋ ತಗ್ಗಿಸಬೇಕು.

ತೋಳು 180 ಡಿಗ್ರಿ ಮೇಲೇರುವಾಗ ಸುಮಾರು 60 ಡಿಗ್ರಿಯಷ್ಟು ಚಲನೆ ಹೆಗಲ ಹಲಗೆಯದು. ಆದ್ದರಿಂದ ಅದನ್ನು ತಿರುಗಿಸುವ ಸ್ನಾಯುಗಳಿಗೂ ಕೆಲಸ ಕೊಡಬೇಕು: ಗೋಡೆಗೆ ಅಂಗೈ ಊರಿ ದೇಹವನ್ನು ತಳ್ಳಿ, ಕೊನೆಯಲ್ಲಿ ಬೆನ್ನನ್ನು ಇನ್ನೊಂದಿಷ್ಟು ಹಿಂದಕ್ಕೆ ಒತ್ತುವುದು ಒಳ್ಳೆಯ ಅಭ್ಯಾಸ. ನೋವಿನ ಜಾಗಕ್ಕೆ ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಚಿಕಿತ್ಸೆಯ ಯಂತ್ರದ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸಬಹುದು. ಆ ಬಿಡುವನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ಎಲ್ಲ ಭುಜನೋವೂ ಇದೇ ಅಲ್ಲ. ಇನ್ನೊಬ್ಬರು ತಿರುಗಿಸಿದರೂ ತೋಳು ಹೊರಕ್ಕೆ ತಿರುಗದಿದ್ದರೆ ಫ್ರೋಜನ್ ಶೋಲ್ಡರ್, ಅಂದರೆ ಕೀಲೇ ಬಿಗಿದುಕೊಂಡ ಭುಜ, ಇರಬಹುದು. ಬಿದ್ದ ಬಳಿಕ ತೋಳೆತ್ತಲಾಗದಿದ್ದರೆ ರಜ್ಜು ಹರಿದಿರುವ ಶಂಕೆಯುಂಟು. ಎದೆಬಿಗಿತದೊಂದಿಗೆ ಭುಜ ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚೇತರಿಕೆಗೆ ಸಾಮಾನ್ಯವಾಗಿ 12 ವಾರ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಆರನೆಯ ವಾರದ ಹೊತ್ತಿಗೆ ನಿದ್ದೆ ಸುಧಾರಿಸಿತೆಂದು ಹಲವರು ನಿಲ್ಲಿಸಿಬಿಡುತ್ತಾರೆ. ಆದರೆ ಗೋಡೆಗೆ ಬಣ್ಣ ಬಳಿಯುವವರಿಗೆ, ಈಜುವವರಿಗೆ, ಚೆಂಡೆಸೆಯುವವರಿಗೆ ತಲೆಯ ಮೇಲೆ ಭಾರವೆತ್ತುವ ಅಭ್ಯಾಸ ಆರಂಭವಾಗುವುದೇ ಆ ಹೊತ್ತಿಗೆ.